ಲಾಕ್‌ಡೌನ್‌ನಲ್ಲಿ ಕಂಡ ಹಕ್ಕಿಗಳು ಈಗ ಎಲ್ಲಿ ಹೋದವು?

ಪ್ರಶ್ನೆ: ನಾವಿರುವುದು ಯಲಹಂಕ ಉಪನಗರದಲ್ಲಿ. ಮನೆ ಮುಂದೆ ಸಣ್ಣ ತೋಟ, ಎದುರಿಗೆ ಒಂದು ದೊಡ್ಡ ಮಳೆಮರ. ಪಕ್ಕದಲ್ಲಿ ಆಗ ಖಾಲಿ ಸೈಟು ಇತ್ತು, ಈಗ ನಾಲ್ಕು ಮಹಡಿ ಎದ್ದಿದೆ. 2020ರ ಲಾಕ್‌ಡೌನ್‌ನಲ್ಲಿ ನಾನು ಮತ್ತು ನಮ್ಮತ್ತೆ ದಿನಾ ಬೆಳಿಗ್ಗೆ ವರಾಂಡದಲ್ಲಿ ಕೂತು, ಬಂದ ಹಕ್ಕಿಗಳನ್ನೆಲ್ಲ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಒಟ್ಟು 31 ಆದವು. ಕೆಲವಕ್ಕೆ ಹೆಸರು ಗೊತ್ತಾಗಲಿಲ್ಲ, ಆ ಪುಟಗಳ ಫೋಟೋ ಕಳಿಸಿದ್ದೇನೆ. ಈಗ ಅದರಲ್ಲಿ ಅರ್ಧವೂ ಕಾಣುವುದಿಲ್ಲ. ಜನ ಒಳಗಿದ್ದರು, ಸದ್ದಿರಲಿಲ್ಲ ಅಂತ ಅವು ಬಂದಿದ್ದವಾ? ಮತ್ತೆ ಬರುವ ಹಾಗೆ ಏನು ಮಾಡಬೇಕು? ಅತ್ತೆಯವರಿಗೆ ಈಗ 84, ಅವರೂ ಕೇಳುತ್ತಿದ್ದಾರೆ. ಮೊಮ್ಮಗಳದ್ದೂ ಒಂದು ಪ್ರಶ್ನೆ ಇದೆ: ಓತಿಕ್ಯಾತ ಯಾಕೆ ಹಾಗೆ ತಲೆ ಆಡಿಸುತ್ತದೆ?

ಉತ್ತರ: ನಿಮ್ಮ ಪುಟಗಳನ್ನು ಎರಡೆರಡು ಸಲ ಓದಿದೆ. ಮೂವತ್ತು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ, ಬೇರೆಯವರ ಪಟ್ಟಿಗಳನ್ನೂ ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಬರೀ ಹೆಸರು ಮತ್ತು ಸಂಖ್ಯೆ ಇರುತ್ತವೆ. ನಿಮ್ಮದರಲ್ಲಿ ಹಕ್ಕಿ ಯಾವ ಕೊಂಬೆ ಮೇಲೆ ಕೂತಿತು, ಎಷ್ಟು ಹೊತ್ತು ಕೂತಿತು, ಏನು ತಿಂದಿತು ಎಲ್ಲ ಇದೆ. ಹೆಸರು ಗೊತ್ತಿಲ್ಲದೆಯೇ ಇಷ್ಟು ಚೆನ್ನಾಗಿ ಬರೆದಿದ್ದೀರಿ, ಅದಕ್ಕೇ ನನಗೆ ಇಲ್ಲಿ ಕೂತು ಹೆಸರು ಹೇಳುವುದು ಸುಲಭವಾಯಿತು.

ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ 31ರಲ್ಲಿ ಹೆಚ್ಚಿನವು ಲಾಕ್‌ಡೌನ್ ಅಂತ ಎಲ್ಲಿಂದಲೋ ಬಂದವಲ್ಲ. ಮೊದಲೂ ಅಲ್ಲೇ ಇದ್ದವು. ಈಗಲೂ ಬಹುಪಾಲು ಅಲ್ಲೇ ಇವೆ. ಆದರೆ ನಾಲ್ಕು ಹಕ್ಕಿಗಳು ನಿಜವಾಗಿಯೂ ಹೋಗಿವೆ. ಅವು ಯಾಕೆ ಹೋದವು ಅನ್ನುವುದಕ್ಕೆ ನಿಮ್ಮ ಪಕ್ಕದ ನಾಲ್ಕು ಮಹಡಿ ನೋಡಿದರೆ ಸಾಕು. ಅದಕ್ಕೆ ಆಮೇಲೆ ಬರುತ್ತೇನೆ.

ಸ್ವಲ್ಪ ತಾರೀಖು ನೋಡಿ. ಲಾಕ್‌ಡೌನ್ ಶುರುವಾಗಿದ್ದು 2020ರ ಮಾರ್ಚ್ 25ಕ್ಕೆ. ಅವತ್ತು ಯುಗಾದಿ, ನೆನಪಿದೆ ಅಲ್ವಾ? ಬೇವಿನ ಹೂವು ತರಲು ಕೂಡ ಹೊರಗೆ ಹೋಗುವ ಹಾಗಿರಲಿಲ್ಲ. ಬೆಂಗಳೂರಿನ ಹಕ್ಕಿಗಳಿಗೆ ವರ್ಷದಲ್ಲಿ ಅತಿ ಗಡಿಬಿಡಿಯ ಕಾಲ ಅದು. ಹೊಂಗೆ ಚಿಗುರಿ ಹೂ ಬಿಟ್ಟಿರುತ್ತದೆ, ಮರದ ತುಂಬ ಹುಳ, ಹೂವಿನ ತುಂಬ ಮಕರಂದ. ಗಂಡುಗಳು ಜಾಗ ಹಿಡಿಯಲು ಕೂಗುತ್ತವೆ, ಹೆಣ್ಣುಗಳು ಗೂಡಿಗೆ ನಾರು ಹುಡುಕುತ್ತಿರುತ್ತವೆ. ಕೋಗಿಲೆಯೂ ಆಗಲೇ ದನಿ ತೆಗೆಯುವುದು. ಇದೇ ಲಾಕ್‌ಡೌನ್ ನವೆಂಬರಿನಲ್ಲಿ ಬಂದಿದ್ದರೆ ನಿಮಗೆ ಈ ಗದ್ದಲದಲ್ಲಿ ಕಾಲು ಭಾಗವೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಈಗ ಕಡಿಮೆಯಾಗಿವೆ ಅಂತ ತೀರ್ಮಾನ ಮಾಡುವ ಮೊದಲು ಯಾವ ತಿಂಗಳನ್ನು ಯಾವ ತಿಂಗಳ ಜೊತೆ ಹೋಲಿಸುತ್ತಿದ್ದೀರಿ ಅಂತ ನೋಡಿಕೊಳ್ಳಿ. ಏಪ್ರಿಲ್ ಪುಟವನ್ನು ಏಪ್ರಿಲಿನಲ್ಲೇ ತೆಗೆಯಬೇಕು.

ಸದ್ದಿನ ವಿಷಯ. ನಿಮ್ಮ ಮನೆಗೆ ಬಳ್ಳಾರಿ ರಸ್ತೆ ದೂರವೇನಿಲ್ಲ. ಹಗಲು ರಾತ್ರಿ ಏರ್‌ಪೋರ್ಟಿಗೆ ಓಡುವ ಟ್ಯಾಕ್ಸಿಗಳೆಲ್ಲ ಆಗ ನಿಂತವು, ದೇಶದೊಳಗಿನ ವಿಮಾನಗಳು ಮತ್ತೆ ಹಾರಿದ್ದು ಮೇ 25ಕ್ಕೆ. ಆಗ ಎಲ್ಲರೂ ಹೇಳುತ್ತಿದ್ದರು, ಹಕ್ಕಿಗಳು ಜೋರಾಗಿ ಹಾಡುತ್ತಿವೆ ಅಂತ. ನನಗೂ ಹಾಗೇ ಅನ್ನಿಸಿತ್ತು. ನಡೆದಿದ್ದು ಬೇರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಿಳಿ ನೆತ್ತಿಯ ಒಂದು ಗುಬ್ಬಿಯ ಹಾಡನ್ನು ಅದೇ ವಸಂತದಲ್ಲಿ ಧ್ವನಿಮುದ್ರಿಸಿ, ಹಳೆಯ ಮುದ್ರಣಗಳ ಜೊತೆ ಹೋಲಿಸಿದರು. 2020ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಅದು ಬಂತು. ಊರು ನಿಶ್ಶಬ್ದವಾದಾಗ ಹಕ್ಕಿಗಳು ಮೆಲ್ಲಗೆ ಹಾಡಿದ್ದವು! ಜೋರಾಗಿ ಅಲ್ಲ. ವಾಹನದ ಸದ್ದನ್ನು ಮೀರಿ ಕೂಗುವ ಕಷ್ಟ ತಪ್ಪಿತ್ತು, ಆದ್ದರಿಂದ ದನಿ ಇಳಿಸಿ, ಹಾಡನ್ನು ಇನ್ನೂ ಚೆನ್ನಾಗಿ ಹಾಡಿದವು. ಮೆಲ್ಲಗೆ ಹಾಡಿದರೂ ಮೊದಲಿಗಿಂತ ಎರಡು ಪಟ್ಟು ದೂರ ಕೇಳಿಸುತ್ತಿತ್ತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಂದರೆ ನಮ್ಮ ಮನೆ ಮುಂದಿನ ಮಡಿವಾಳ ಹಕ್ಕಿ ಇಷ್ಟು ವರ್ಷ ಗಂಟಲು ಹರಿದುಕೊಂಡು ಕೂಗುತ್ತಿತ್ತೇನೋ ಅಂತ.

ಇನ್ನೊಂದು ವಿಷಯ, ಸ್ವಲ್ಪ ಮೆಲ್ಲಗೆ ಹೇಳಬೇಕಾದದ್ದು. ವಯಸ್ಸಾದ ಹಾಗೆ ಕಿವಿಗೆ ಮೊದಲು ತಪ್ಪುವುದು ಸಣ್ಣ, ಚೂಪು ದನಿಗಳು. ಮಾತು ಚೆನ್ನಾಗಿಯೇ ಕೇಳಿಸುತ್ತಿರುತ್ತದೆ, ಕಾಗೆ, ಕೋಗಿಲೆ ಕೇಳಿಸುತ್ತವೆ. ಸೂರಕ್ಕಿಯ 'ಚಿಟ್ ಚಿಟ್', ಬದನಿಕೆ ಹಕ್ಕಿಯ 'ಟಿಕ್ ಟಿಕ್' ಮಾತ್ರ ಸುಮ್ನೆ ಮಾಯವಾಗುತ್ತವೆ. ಹೋಗಿದ್ದು ಗೊತ್ತೂ ಆಗುವುದಿಲ್ಲ. ಐವತ್ತು ದಾಟಿದ ಮೇಲೆ ನನಗೂ ಶುರುವಾಗಿದೆ. ನಿಮ್ಮತ್ತೆಯವರು 'ಆ ಪುಟ್ಟ ಹಕ್ಕಿ ಬರೋದೇ ನಿಲ್ಲಿಸಿತು' ಅಂದರೆ ಅದನ್ನು ಒಂದು ಸಲ ಮೊಮ್ಮಗಳ ಕಿವಿಯಿಂದ ಪರೀಕ್ಷೆ ಮಾಡಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಏನಾದರೂ ಟಿಕ್ ಟಿಕ್ ಅಂತಿದೆಯಾ ನೋಡು ಪುಟ್ಟಿ' ಅನ್ನಿ. ನಮ್ಮ ಮನೆಯಲ್ಲಿ ಹೀಗೆ ಮೂರು ಹಕ್ಕಿ ವಾಪಸ್ ಬಂದವು.

ಈಗ ನಿಮ್ಮ ಹೆಸರಿಲ್ಲದ ಹಕ್ಕಿಗಳು.

ಮಾರ್ಚ್ 29ರ ಪುಟದಲ್ಲಿ 'ಮಳೆಮರದ ತುದಿಯಲ್ಲಿ ಕಣ್ಣಿಗೆ ಬೀಳದ ಹಕ್ಕಿ, ಚಿಸ್‌ವೀಟ್ ಅನ್ನುತ್ತದೆ' ಅಂತ ಬರೆದಿದ್ದೀರಿ. ದಿನಾ ಗುರುತು ಹಾಕಿದ್ದೀರಿ. ಏಪ್ರಿಲ್ 22ರಿಂದ ಗುರುತಿಲ್ಲ, ಪಕ್ಕದಲ್ಲಿ 'ಸತ್ತುಹೋಯಿತೇನೋ' ಅಂತ ಇದೆ. ಸತ್ತಿಲ್ಲ. ಅದು ಗ್ರೀನಿಶ್ ವಾರ್ಬ್ಲರ್. ಎಲೆ ಬಣ್ಣದ ಮೈ, ಕಣ್ಣಿನ ಮೇಲೆ ತೆಳು ಹುಬ್ಬಿನ ಗೆರೆ, ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಚಳಿಗಾಲ ಪೂರ್ತಿ ನಮ್ಮ ಬೀದಿ ಮರಗಳಲ್ಲಿ ಹುಳ ಹೆಕ್ಕಿಕೊಂಡು ಇದ್ದು, ಏಪ್ರಿಲ್ ಕೊನೆಯ ಹೊತ್ತಿಗೆ ಹಿಮಾಲಯಕ್ಕೆ, ಅದರಾಚೆ ಮಧ್ಯ ಏಷ್ಯಾದವರೆಗೂ ಮರಿ ಮಾಡಲು ಹೊರಡುತ್ತದೆ. ನಿಮ್ಮ ಗುರುತು ನಿಂತದ್ದು ಅದರ ಪ್ರಯಾಣದ ದಿನ. ನಿಮಗೇ ಗೊತ್ತಿಲ್ಲದೆ ಎಷ್ಟು ಒಳ್ಳೆಯ ದಾಖಲೆ ಮಾಡಿದ್ದೀರಿ ನೋಡಿ. ಸೆಪ್ಟೆಂಬರ್ ಕೊನೆಗೆ ಅದೇ ಮರದ ಕೆಳಗೆ ನಿಂತು ಕಿವಿ ಕೊಡಿ, ಮತ್ತೆ ಕೇಳುತ್ತದೆ.

ಏಪ್ರಿಲ್ 4, 5, 6: 'ಕಾರಿನ ಕನ್ನಡಿಗೆ ಒಂದು ಪುಟ್ಟ ಹಕ್ಕಿ ಕುಕ್ಕುತ್ತಲೇ ಇದೆ. ಹುಚ್ಚು ಹಿಡಿದಿದೆಯಾ?' ಇಲ್ಲ. ನೇರಳೆ ಸೊಂಟದ ಸೂರಕ್ಕಿ ಅದು. ಕನ್ನಡಿಯೊಳಗೆ ಇನ್ನೊಂದು ಸೂರಕ್ಕಿ ಕಾಣುತ್ತದೆ, ತನ್ನ ಜಾಗಕ್ಕೆ ಯಾರೋ ನುಗ್ಗಿದ್ದಾರೆ ಅಂತ ಜಗಳಕ್ಕೆ ಹೋಗುತ್ತದೆ. ಮೊದಲೆಲ್ಲ ಕಾರು ಬೆಳಿಗ್ಗೆ ಹೊರಟರೆ ಸಂಜೆ ಬರುತ್ತಿತ್ತು, ಆ ಶತ್ರುವೂ ಹೊರಟುಹೋಗುತ್ತಿದ್ದ. ಆ ತಿಂಗಳು ಕಾರು ನಿಂತಲ್ಲೇ ನಿಂತಿತ್ತು, ಶತ್ರು ಜಾಗ ಬಿಡಲೇ ಇಲ್ಲ, ಪಾಪ ಆ ಹಕ್ಕಿ ತಿನ್ನುವುದು ಬಿಟ್ಟು ಅದರ ಮೇಲೇ ಬಿದ್ದಿತ್ತು. ಈಗಲೂ ಹಾಗಾದರೆ ಕನ್ನಡಿಗೆ ಒಂದು ಹಳೇ ಕಾಲುಚೀಲ ಹಾಕಿಬಿಡಿ. ಅರ್ಧ ಗಂಟೆಯಲ್ಲಿ ಬೇರೆ ಕೆಲಸಕ್ಕೆ ಹೋಗುತ್ತದೆ.

ಅದೇ ಹಕ್ಕಿಯ ಜೋಡಿಯೇ ಇರಬೇಕು ಏಪ್ರಿಲ್ 11ರಿಂದ ನಿಮ್ಮ ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ 'ಕಸದ ಹಾಗೆ ಏನೋ ಕಟ್ಟಿದ್ದು'. ನಿಮ್ಮ ವಿವರಣೆ ಓದುತ್ತಾ ನನಗೆ ನಾನೇ ಆ ವರಾಂಡದಲ್ಲಿ ಕೂತ ಹಾಗಾಯಿತು. ಗೂಡು ಕಟ್ಟುವುದು ಹೆಣ್ಣು. ಮೊದಲು ಜೇಡರ ಬಲೆ ತಂದು ತಂತಿಗೆ ಸುತ್ತುತ್ತದೆ, ಅದೇ ಅದರ ಹಗ್ಗ, ಅದೇ ಅಂಟು. ಆಮೇಲೆ ಒಣ ನಾರು, ತೊಗಟೆ ಚೂರು, ಹುಳದ ಹಿಕ್ಕೆ ಕೂಡ ಅಂಟಿಸುತ್ತದೆ. ನೋಡುವವರಿಗೆ ಗಾಳಿಗೆ ಸಿಕ್ಕಿಕೊಂಡ ಕಸ ಅನ್ನಿಸಬೇಕು, ಅದೇ ಉಪಾಯ. ಗೂಡಿನ ಚೀಲ ಉದ್ದವಾದ ಮೇಲೆ ಒಳಗೆ ನುಗ್ಗಿ, ಎದೆಯಿಂದ ಒತ್ತುತ್ತಾ ಸುತ್ತ ತಿರುಗಿ ಗುಂಡಗೆ ಮಾಡುತ್ತದೆ, ಹೊರಗಿನಿಂದ ನೋಡಿದರೆ ಚೀಲ ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತಿರುತ್ತದೆ. ಬಾಗಿಲ ಮೇಲೆ ಮಳೆಗೆ ಒಂದು ಸಣ್ಣ ಸೂರು ಬೇರೆ. ಎರಡು ಮೊಟ್ಟೆ, ಎರಡು ವಾರದ ಕಾವು, ಮರಿ ಆದ ಮೇಲೆ ಗಂಡು ಹೆಣ್ಣು ಎರಡೂ ಹುಳ ತರುತ್ತವೆ. ನೀವು ಎರಡು ತಿಂಗಳು ಆ ತಂತಿಗೆ ಬಟ್ಟೆ ಹಾಕಲಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ತುಂಬ ಖುಷಿಯಾಯಿತು.

'ಕಂದು ಮೈ, ಬಿಳಿ ಚುಕ್ಕೆ, ಕೆಂಪು ಕಣ್ಣು, ಉದ್ದ ಬಾಲ, ಗಿಡುಗನಾ?' ಅಲ್ಲ, ಹೆಣ್ಣು ಕೋಗಿಲೆ. ಕಪ್ಪಗಿರುವುದು ಗಂಡು ಮಾತ್ರ, ಕುಹೂ ಅನ್ನುವುದೂ ಅದೇ. ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ನಿಮ್ಮ ಪಟ್ಟಿಯಲ್ಲಿ ಎರಡು ಹಕ್ಕಿ ಅಂತ ಬರೆದಿದ್ದು ಒಂದೇ ಆಯಿತು, ಹಾಗಾಗಿ 31 ಅಲ್ಲ, 30. ಬೇಜಾರಾಗಬೇಡಿ. ಮೇ 30ರ ಪುಟದಲ್ಲಿ 'ಕಾಗೆ ತನ್ನದಲ್ಲದ ಮರಿಗೆ ತುತ್ತು ಕೊಡುತ್ತಿದೆ' ಅಂತ ಅತ್ತೆ ಹೇಳಿದ್ದನ್ನು ಬರೆದಿದ್ದೀರಿ. ಅವರು ಹೇಳಿದ್ದೇ ಸರಿ, ಅದು ಕೋಗಿಲೆ ಮರಿ.

ಮಧ್ಯಾಹ್ನದ ಬಿಸಿಲಿನಲ್ಲಿ 'ಟುಕ್ ಟುಕ್ ಟುಕ್' ಅಂತ ನಿಲ್ಲಿಸದೆ ಬಡಿಯುವುದು ಕಂಚುಗಾರ ಹಕ್ಕಿ. ಬೆಳಿಗ್ಗೆ 'ಕುಟ್ರೂ ಕುಟ್ರೂ' ಅನ್ನುವುದು ಅದರ ದೊಡ್ಡ ನೆಂಟ, ಕುಟ್ರು ಹಕ್ಕಿ. ಕಂಚುಗಾರ ಕೂಗುವಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ. ಅದಕ್ಕೇ ಸದ್ದು ಒಂದು ಸಲ ಎಡಗಡೆಯಿಂದ, ಒಂದು ಸಲ ಬಲಗಡೆಯಿಂದ ಬಂದ ಹಾಗಾಗಿ ನಿಮಗೆ ಹುಡುಕಲು ಆಗಲಿಲ್ಲ. ಮರದ ತೀರಾ ತುದಿಯಲ್ಲಿ, ಒಣ ಕಡ್ಡಿ ಮೇಲೆ ನೋಡಿ. ಇವೆರಡೂ ಒಣಗಿದ ಕೊಂಬೆಯಲ್ಲೇ ತೂತು ಕೊರೆದು ಮರಿ ಮಾಡುವುದು. ನುಗ್ಗೆ ಮರದ ಒಣ ಕೊಂಬೆ ಯಾರ ತಲೆ ಮೇಲೂ ಬೀಳುವ ಹಾಗಿಲ್ಲದಿದ್ದರೆ ಕಡಿಸಬೇಡಿ.

ರಾತ್ರಿ ವಿದ್ಯುತ್ ಕಂಬದ ಮೇಲೆ ಕೂತು 'ಚಿರ್ರ್ ಚಿರ್ರ್' ಅಂತ ಜಗಳ ಆಡಿದ್ದು ಹಾಲಕ್ಕಿ. ಬುಡುಬುಡಿಕೆಯವರು 'ಹಾಲಕ್ಕಿ ನುಡಿಯಿತು' ಅನ್ನುತ್ತಾರಲ್ಲ, ಅದೇ. ಅಪಶಕುನ ಅಂತ ನಿಮ್ಮ ಪಕ್ಕದ ಮನೆಯವರು ಕಲ್ಲು ಎಸೆದರು ಅಂತ ಬರೆದಿದ್ದೀರಿ. ಅವರಿಗೆ ಹೇಳಿ, ಆ ಗೂಬೆ ತಿನ್ನುವುದು ಜಿರಳೆ, ಇಲಿಮರಿ, ದೀಪಕ್ಕೆ ಬರುವ ಹುಳ. ಅದು ಇರುವ ಬೀದಿಗೆ ಒಳ್ಳೆಯದೇ ಆಗುತ್ತದೆ.

ಈಗ ಆ ಖಾಲಿ ಸೈಟಿಗೆ ಬರುತ್ತೇನೆ.

ಮೇ 3ರ ಪುಟ: 'ರಾತ್ರಿ 2 ಗಂಟೆ. ಯಾರೋ ಬಯ್ಯುವ ಹಾಗೆ ಕೂಗು. ಟಿಟ್ಟಿಟ್ಟೀ, ಟಿಟ್ಟಿಟ್ಟೀ. ಬೆಳಿಗ್ಗೆ ನೋಡಿದರೆ ಸೈಟಿನಲ್ಲಿ ಉದ್ದ ಹಳದಿ ಕಾಲಿನ ಹಕ್ಕಿ, ನಾಯಿ ಹತ್ತಿರ ಹೋದರೆ ಮೇಲೆ ಬಿದ್ದು ಓಡಿಸುತ್ತದೆ.' ಅದು ಟಿಟ್ಟಿಭ. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲಿ ಸಣ್ಣ ಗುಳಿ ಮಾಡಿ, ಸುತ್ತ ಜಲ್ಲಿಕಲ್ಲು ಜೋಡಿಸಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಕಲ್ಲಿನ ಹಾಗೇ ಕಾಣುತ್ತದೆ, ಎರಡು ಅಡಿ ದೂರದಲ್ಲಿ ನಿಂತರೂ ಗೊತ್ತಾಗುವುದಿಲ್ಲ. ಕಾವು ಸುಮಾರು 28ರಿಂದ 30 ದಿನ. ಮೇ ತಿಂಗಳ ಬಿಸಿಲಿನಲ್ಲಿ ಮೊಟ್ಟೆ ಬೇಯಬಾರದು ಅಂತ ತಾಯಿ ತಂದೆ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಕೂರುತ್ತವೆ. ನೀವು ಪೈಪಿನಲ್ಲಿ ಗಿಡಕ್ಕೆ ನೀರು ಬಿಟ್ಟಾಗ ಅದು ಬಂದು ಕೊಚ್ಚೆಯಲ್ಲಿ ಹೊಟ್ಟೆ ಅದ್ದಿ ಹೋಗುತ್ತಿತ್ತು ಅಂತ ಬರೆದಿದ್ದೀರಿ. ಸ್ನಾನ ಮಾಡುತ್ತಿದೆ ಅಂದುಕೊಂಡಿರಿ, ಅದು ಮೊಟ್ಟೆಗೆ ನೀರು ಹೊರುತ್ತಿತ್ತು.

ಜನ ಒಳಗಿದ್ದದ್ದರಿಂದ ನಿಜವಾಗಿ ಲಾಭವಾದ ಹಕ್ಕಿ ನಿಮ್ಮ ಪಟ್ಟಿಯಲ್ಲಿ ಇದೊಂದೇ ಅಂತ ನನ್ನ ಅಭಿಪ್ರಾಯ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಒಂದು ತಿಂಗಳು ಯಾರೂ ಕಾಲಿಡದ ಜಾಗ ಬೇಕು. ಬೇರೆ ವರ್ಷ ಆ ಸೈಟಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಲಾರಿ ಮರಳು ಸುರಿಯುತ್ತಿತ್ತು, ಟೆಂಪೋ ನಿಲ್ಲುತ್ತಿತ್ತು. ಆ ಎರಡು ತಿಂಗಳು ಯಾರೂ ಬರಲಿಲ್ಲ. ಮೂರು ಮರಿ ಓಡಾಡಿದ್ದನ್ನು ನೀವು ನೋಡಿದ್ದೀರಿ.

ಈಗ ಅಲ್ಲಿ ನಾಲ್ಕು ಮಹಡಿ. ಟಿಟ್ಟಿಭ ವಾಪಸ್ ಬರುವುದಿಲ್ಲ. ಅದೇ ಸೈಟಿನ ಹುಲ್ಲು, ಎಕ್ಕ, ಹರಳು ಗಿಡ ನಂಬಿಕೊಂಡಿದ್ದ ಉಲಿಯಕ್ಕಿ, ಹುಲ್ಲಿನ ಬೀಜಕ್ಕೆ ಗುಂಪಾಗಿ ಬರುತ್ತಿದ್ದ ಚುಕ್ಕೆ ರಾಟವಾಳ, ಪೊದೆಯೊಳಗಿನ ಕೆಂಬೂತ, ಇವೂ ಹೋಗಿವೆ. ನಾವು ಉಪನಗರದ ಜನ ನಮ್ಮ ತೋಟಕ್ಕೆ ಹಕ್ಕಿ ಬಂತು ಅಂತ ಖುಷಿ ಪಡುತ್ತೇವೆ. ಅವು ಬರುತ್ತಿದ್ದದ್ದು ತೋಟಕ್ಕೆ ಅಂತ ನಾನು ಹೇಳಲಾರೆ. ತೋಟದ ಪಕ್ಕ ಕಳೆ ಬೆಳೆದು ನಿಂತಿದ್ದ, 'ಕ್ಲೀನ್ ಮಾಡಿಸಿ ಸಾರ್, ಹಾವು ಬರುತ್ತೆ' ಅಂತ ನಾವೇ ದೂರು ಕೊಡುತ್ತಿದ್ದ ಆ ಥರ್ಟಿ ಫಾರ್ಟಿ ಸೈಟುಗಳೇ ಅವುಗಳ ಮನೆಯಾಗಿದ್ದವು. ನಿಮ್ಮ ತಪ್ಪಲ್ಲ, ಕಟ್ಟಿದವರದ್ದೂ ತಪ್ಪಲ್ಲ, ಸೈಟು ಇರುವುದೇ ಮನೆ ಕಟ್ಟಲು. ಆದರೂ ಹೇಳದೆ ಇರಲು ಆಗುವುದಿಲ್ಲ.

ಹಾವು ಅಂದಾಗ ನೆನಪಾಯಿತು. ಜೂನ್ ಮೊದಲ ವಾರ ಅದೇ ಸೈಟಿನಲ್ಲಿ ಎರಡು ಹಾವು ಹೆಣೆದುಕೊಂಡು ಎದ್ದು ನಿಂತಿದ್ದವು, ಬೀದಿಯವರೆಲ್ಲ ಮಹಡಿ ಮೇಲಿಂದ ಕೈ ಮುಗಿದರು, ನಾಗರಹಾವಿಗೂ ಕೇರೆಹಾವಿಗೂ ಮಿಲನ ಅಂದರು ಅಂತ ಬರೆದಿದ್ದೀರಿ. ಎರಡೂ ಕೇರೆಹಾವು, ಎರಡೂ ಗಂಡು, ಅದು ಕುಸ್ತಿ. ಒಂದನ್ನೊಂದು ಕೆಳಗೆ ಒತ್ತುವ ಪಂದ್ಯ, ಕಚ್ಚುವುದು ಕೂಡ ಅಪರೂಪ. ನಾಗರಹಾವು ಬೇರೆ ಜಾತಿ, ಕೇರೆಯ ಜೊತೆ ಕೂಡುವುದಿಲ್ಲ. ಕೇರೆಗೆ ವಿಷವಿಲ್ಲ, ಇಲಿ ತಿಂದು ಬದುಕುತ್ತದೆ.

ಮತ್ತೆ ಗುಬ್ಬಚ್ಚಿ. 'ಮೊಬೈಲ್ ಟವರಿನಿಂದ ಗುಬ್ಬಿ ಹೋದವು ಅಂತಾರೆ, ನಿಜವಾ?' ಅಂತ ಅಂಚಿನಲ್ಲಿ ಕೇಳಿದ್ದೀರಿ. ಲಾಕ್‌ಡೌನಿಗೆ ಒಂದು ತಿಂಗಳ ಮುಂಚೆ, 2020ರ ಫೆಬ್ರವರಿಯಲ್ಲಿ, ದೇಶದ ಹಕ್ಕಿಗಳ ಸ್ಥಿತಿಯ ಬಗ್ಗೆ ಒಂದು ವರದಿ ಬಂತು. 867 ಜಾತಿಗಳ ಲೆಕ್ಕ, ಅದೂ ನಿಮ್ಮ ಹಾಗೆ ಮನೆ ಹತ್ತಿರ ನೋಡಿ ಬರೆದ ಸಾವಿರಾರು ಜನರ ಪಟ್ಟಿಗಳಿಂದ. ಗುಬ್ಬಚ್ಚಿ ಒಟ್ಟಾರೆ ದೇಶದಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ, ಬೆಂಗಳೂರೂ ಸೇರಿ ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಅಂತ ಅದರಲ್ಲಿ ಬಂತು. ಟವರಿಗೆ ಆಧಾರ ಸಿಕ್ಕಿಲ್ಲ. ಮರಿಗೆ ತಿನ್ನಿಸಲು ಹುಳ ಬೇಕು, ಗೂಡಿಗೆ ಸಂದು ಬೇಕು. ಗಾಜು ಮತ್ತು ಕಾಂಕ್ರೀಟಿನ ಮನೆಯಲ್ಲಿ ಎರಡೂ ಇಲ್ಲ.

ಇನ್ನು ಏನು ಮಾಡಬೇಕು ಅನ್ನುವುದು. ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ, ಯಾಕೆಂದರೆ ಆ ತಪ್ಪು ನಾನೇ ಮಾಡಿದ್ದೇನೆ. ಅದೇ 2020ರ ಏಪ್ರಿಲಿನಲ್ಲಿ ಬನಶಂಕರಿಯ ನಮ್ಮ ಮನೆಯ ದಾಸವಾಳದಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿತ್ತು. ನೆಲದಿಂದ ನಾಲ್ಕಡಿ ಎತ್ತರ, ಕಿಟಕಿಯಿಂದ ಕೈಗೆ ಸಿಗುವಷ್ಟು ಹತ್ತಿರ. ಮೂರು ಮರಿ. ಮರಿಗಳ ಬಾಯೊಳಗಿನ ಕೆಂಪು ಕೂಡ ಕಾಣುತ್ತಿತ್ತು. ಅಡ್ಡ ಇದ್ದ ಎರಡು ಎಲೆ ಗೊಂಚಲನ್ನು ಫೋಟೋಗೆ ಅಂತ ದಾರದಿಂದ ಪಕ್ಕಕ್ಕೆ ಕಟ್ಟಿದೆ. ಇಷ್ಟೇ ಮಾಡಿದ್ದು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಪಿಕಳಾರಗಳ ಚೀರಾಟ ಕೇಳಿ ಎದ್ದು ಹೋದರೆ ಕಾಗೆ ಗೂಡಿನ ಮೇಲಿತ್ತು. ನಾನು ಓಡಿಸುವ ಹೊತ್ತಿಗೆ ಗೂಡು ಖಾಲಿ. ಆ ಎರಡು ಗೊಂಚಲು ಎಲೆಯೇ ಅವುಗಳ ಬಾಗಿಲಾಗಿತ್ತು. ಆಮೇಲೆ ನಾನು ಯಾವ ಗೂಡಿನ ಫೋಟೋವನ್ನೂ ತೆಗೆದಿಲ್ಲ. ಗೂಡು ಕಂಡರೆ ದೂರದಲ್ಲಿ ಕೂತು ನೋಡಿ, ಎಲೆ ಮುಟ್ಟಬೇಡಿ, ಮೊಬೈಲ್ ಹತ್ತಿರ ಹಿಡಿಯಬೇಡಿ.

ಅಕ್ಕಿ, ಅನ್ನ, ಮಿಕ್ಸ್ಚರ್ ಹಾಕುವುದೂ ಬೇಡ. ಪಾರಿವಾಳ ಬರುತ್ತವೆ, ಕಾಗೆ ಬರುತ್ತದೆ, ಕಾಗೆ ಜಾಸ್ತಿಯಾದ ಕಡೆ ಸೂರಕ್ಕಿ, ಪಿಕಳಾರಗಳ ಮರಿ ಉಳಿಯುವುದು ಕಷ್ಟ. ಅಲ್ಲದೆ ನಮ್ಮ ಕೈಯ ತಿಂಡಿ ನಂಬಿಕೊಂಡ ಪ್ರಾಣಿಗಳ ಪಾಡು ಏನಾಗುತ್ತದೆ ಅಂತ ಲಾಕ್‌ಡೌನ್‌ನಲ್ಲೇ ನೋಡಿದೆವು. ಪ್ರವಾಸಿಗರ ಬಾಳೆಹಣ್ಣು ನಂಬಿದ್ದ ಕೋತಿಗಳು, ಹೋಟೆಲಿನ ಹಿಂಬಾಗಿಲು ನಂಬಿದ್ದ ಬೀದಿನಾಯಿಗಳು ಹಸಿದು ಕೂತವು. ಪ್ರಾಣಿಗಳಿಗೆಲ್ಲ ಅದು ಸುಖದ ಕಾಲ ಅನ್ನುವುದು ಸುಳ್ಳು.

ನೀರು ಇಡಿ. ಕುಂಡದ ಕೆಳಗೆ ಇಡುವ ಅಗಲ ಮಣ್ಣಿನ ತಟ್ಟೆ ಸಾಕು. ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಒರಟು ಕಲ್ಲು ಇಡಿ, ಪುಟ್ಟ ಹಕ್ಕಿಗಳು ಅದರ ಮೇಲೆ ನಿಂತು ಕುಡಿಯುತ್ತವೆ. ಬೆಕ್ಕು ಅಡಗಿ ಕೂರಲು ಆಗದ ಜಾಗ ನೋಡಿ. ದಿನಾ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ ಹೊಸದು ಹಾಕಬೇಕು, ಇದು ಮುಖ್ಯ. ಬಿಟ್ಟರೆ ಒಂದೇ ವಾರದಲ್ಲಿ ಡೆಂಗಿ ಸೊಳ್ಳೆ. ಜೊತೆಗೆ ಕಾಗೆ ಎಲ್ಲಿಂದಲೋ ಒಣ ರೊಟ್ಟಿ, ಸತ್ತ ಇಲಿ ತಂದು ಅದರಲ್ಲೇ ನೆನೆಸುತ್ತದೆ.

ಗಿಡಗಳಲ್ಲಿ, ಜಾಗ ಇದ್ದರೆ ಗಸಗಸೆ ಹಣ್ಣಿನ ಮರ ಒಂದು ಸಾಕು. ಬೇಗ ಬೆಳೆಯುತ್ತದೆ, ವರ್ಷ ಪೂರ್ತಿ ಸಣ್ಣ ಕೆಂಪು ಹಣ್ಣು. ಪಿಕಳಾರ, ಕಂಚುಗಾರ, ಕೋಗಿಲೆ, ಬದನಿಕೆ ಹಕ್ಕಿ, ಅಳಿಲು, ರಾತ್ರಿ ಬಾವಲಿ, ಎಲ್ಲವೂ ಅದಕ್ಕೆ ಬರುತ್ತವೆ. ಕಾಂಪೌಂಡಿಗೆ ಅಂಟಿಸಿ ಮಾತ್ರ ನೆಡಬೇಡಿ. ಜಾಗ ಇಲ್ಲದಿದ್ದರೆ ಹಳೇ ಕಾಲದ ಐದೆಸಳಿನ ಕೆಂಪು ದಾಸವಾಳ, ಒಂದು ರತ್ನಗಂಧಿ. ನರ್ಸರಿಯವರು ಕೊಡುವ ಮುದ್ದೆ ಮುದ್ದೆ ಎಸಳಿನ ದಾಸವಾಳದಲ್ಲಿ ಸೂರಕ್ಕಿಗೆ ಕೊಕ್ಕು ಇಡಲು ದಾರಿಯೇ ಸಿಗುವುದಿಲ್ಲ. ಕರಿಬೇವು ನಿಮ್ಮಲ್ಲಿ ಇದೆ. ಅದರ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳುಪು ಚೂರು ಕಂಡರೆ ಒರೆಸಬೇಡಿ, ಚಿಟ್ಟೆಯ ಮರಿಹುಳ ಅದು. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವೆಯಂಥದ್ದನ್ನು ಹೊರಗೆ ಚಾಚಿ ಒಂದು ಗಾಟು ವಾಸನೆ ಬಿಡುತ್ತದೆ. ಮೊಮ್ಮಗಳಿಗೆ ತೋರಿಸಿ, ಒಂದು ಸಲ ಸಾಕು.

ಸೈಟಿನ ಬದಲು ನಿಮ್ಮ ತೋಟದಲ್ಲೇ ಒಂದು ಮೂಲೆಯನ್ನು, ಮೂರಡಿ ಮೂರಡಿ ಆದರೂ ಸರಿ, ಗುಡಿಸದೆ ಬಿಡಿ. ಒಣ ಎಲೆ, ಹುಲ್ಲು, ಮುರಿದ ಕಡ್ಡಿ ಇರಲಿ. ಔಷಧಿ ಹೊಡೆಯಬೇಡಿ. ಹುಳ ಇದ್ದರೆ ಹಕ್ಕಿ. ನಮ್ಮಲ್ಲಿ ಏಪ್ರಿಲಿನ ಮೊದಲ ಜೋರು ಮಳೆ ಬಿದ್ದ ಮರುದಿನ ಕಾಂಪೌಂಡಿನ ಬುಡದಿಂದ ಈಚಲು ಹುಳ, ಅಂದರೆ ರೆಕ್ಕೆ ಬಂದ ಗೆದ್ದಲು, ಹೊಗೆಯ ಹಾಗೆ ಏಳುತ್ತವೆ. ಗೊರವಂಕಗಳು ತೂತಿನ ಬಾಯಲ್ಲೇ ನಿಂತು ಹೆಕ್ಕುತ್ತವೆ, ಪಿಕಳಾರ ಗಾಳಿಯಲ್ಲಿ ಎಗರಿ ಹಿಡಿಯುತ್ತದೆ, ಓತಿಕ್ಯಾತ ಕೆಳಗೆ ಉದುರಿದ್ದನ್ನು ನೆಕ್ಕುತ್ತದೆ, ಮೇಲೆ ಹತ್ತಾರು ಹದ್ದುಗಳು ಸುತ್ತುತ್ತಾ ಕಾಲಿನಿಂದ ಹಿಡಿದು ಹಾರುತ್ತಲೇ ಬಾಯಿಗೆ ಹಾಕಿಕೊಳ್ಳುತ್ತವೆ. ಇಪ್ಪತ್ತು ನಿಮಿಷದ ಹಬ್ಬ. ಗೆದ್ದಲು ಅಂತ ಅವತ್ತು ಸೀಮೆಎಣ್ಣೆ ಸುರಿದಿದ್ದರೆ ಇದ್ಯಾವುದೂ ಇಲ್ಲ.

ಕೊನೆಗೆ ನಿಮ್ಮ ನೋಟ್‌ಬುಕ್. ಅದನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಇ-ಬರ್ಡ್ ಅನ್ನುವ ಜಾಲತಾಣದಲ್ಲಿ ಹಳೆಯ ಪಟ್ಟಿಯನ್ನೂ ಸೇರಿಸಬಹುದು. ತಾರೀಖು, ಎಷ್ಟು ಗಂಟೆಗೆ ಕೂತಿರಿ, ಎಷ್ಟು ಹೊತ್ತು, ಯಾವ ಹಕ್ಕಿ ಎಷ್ಟು, ಇಷ್ಟು ಇದ್ದರೆ ಆಯಿತು. ನಿಮ್ಮಲ್ಲಿ ಎಲ್ಲ ಇದೆ. ಏನೂ ಕಾಣದ ದಿನದ ಪುಟಗಳನ್ನೂ ಬಿಡಬೇಡಿ, ಲೆಕ್ಕ ಮಾಡುವವರಿಗೆ ಅದೂ ಬೇಕು. ಈ ಯುಗಾದಿಯಿಂದ ಅದೇ ವರಾಂಡ, ಅದೇ ಹೊತ್ತು, ದಿನಾ ಹದಿನೈದು ನಿಮಿಷ ಕೂತು ಬರೆಯಿರಿ. ಆಗ ಯಾವುದು ಹೋಗಿದೆ, ಯಾವುದು ಇದೆ ಅಂತ ನನ್ನ ಊಹೆಗಿಂತ ನಿಮ್ಮ ಪುಸ್ತಕವೇ ಸರಿಯಾಗಿ ಹೇಳುತ್ತದೆ. ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಂಡರೆ ದನಿ ಕೇಳಿ ಹೆಸರು ಹೇಳುತ್ತದೆ, ಅತ್ತೆಗೆ ಕೇಳಿಸದ ಸಣ್ಣ ದನಿಗಳಿಗೂ ಸಹಾಯವಾಗುತ್ತದೆ. ಆದರೆ ಪೂರ್ತಿ ನಂಬಬೇಡಿ. ಕಾಜಾಣ ಬೇರೆ ಹಕ್ಕಿಗಳ ದನಿ ಅನುಕರಣೆ ಮಾಡುತ್ತದೆ, ಆ್ಯಪ್ ಮೋಸ ಹೋಗುತ್ತದೆ. ಕಣ್ಣಿನಿಂದ ನೋಡಿದ ಮೇಲೆ ಬರೆಯಿರಿ. ದುರ್ಬೀನು ಕೊಳ್ಳುವುದಾದರೆ 8x42 ಅಂತ ಕೇಳಿ, ಇದಕ್ಕಿಂತ ದೊಡ್ಡದು ಕೈಯಲ್ಲಿ ನಡುಗುತ್ತದೆ. ಲಾಲ್‌ಬಾಗಿನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಹಕ್ಕಿ ನೋಡುವವರು ದಶಕಗಳಿಂದ ಸೇರುತ್ತಾ ಬಂದಿದ್ದಾರೆ, ಒಂದು ಸಲ ಹೋಗಿ ಬನ್ನಿ. ಹೊಸಬರು ಅಂತ ಯಾರೂ ದೂರ ನಿಲ್ಲಿಸುವುದಿಲ್ಲ.

ಪುಟ್ಟಿಯ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅವಳು ಬಿಡುವುದಿಲ್ಲ ಅಂತ ಬೇರೆ ಬರೆದಿದ್ದೀರಿ. ತಲೆ ಆಡಿಸುವುದು ಹೆಚ್ಚಾಗಿ ಗಂಡು ಓತಿಕ್ಯಾತ. ಬೇಸಿಗೆಯಿಂದ ಮಳೆಗಾಲದವರೆಗೆ ಅದರ ತಲೆ, ಕುತ್ತಿಗೆ ಕೆಂಪಾಗುತ್ತದೆ. ಕಾಂಪೌಂಡಿನ ಮೇಲೆ ನಿಂತು ಬಸ್ಕಿ ಹೊಡೆದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಬೇರೆ ಗಂಡುಗಳಿಗೆ 'ಇದು ನನ್ನ ಗೋಡೆ' ಅಂತ, ಹೆಣ್ಣಿಗೆ 'ನಾನಿಲ್ಲಿದ್ದೇನೆ' ಅಂತ. ಅದು ರಕ್ತ ಹೀರುತ್ತದೆ ಅಂತ ಸ್ಕೂಲಿನಲ್ಲಿ ಯಾರಾದರೂ ಹೇಳಿದರೆ ಸುಳ್ಳು. ಅದಕ್ಕೆ ವಿಷವೂ ಇಲ್ಲ, ಕಲ್ಲು ಹೊಡೆಯುವ ಹುಡುಗರಿಗೂ ಅವಳೇ ಹೇಳಲಿ. ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಹೊಟ್ಟೆ ದಪ್ಪ ಇರುವ ಒಂದು ಹೆಣ್ಣು ಬಂದು ಹೂವಿನ ಕುಂಡದಲ್ಲೋ ಪಾತಿಯಲ್ಲೋ ಗುಳಿ ತೋಡಬಹುದು. ಹತ್ತರಿಂದ ಇಪ್ಪತ್ತು ಬಿಳಿ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ತಟ್ಟಿ ಹೋಗುತ್ತದೆ. ಆ ಕುಂಡ ಕೆದಕದೆ, ಪುಟ್ಟಿಯ ಕೈಯಲ್ಲಿ ಕ್ಯಾಲೆಂಡರಿನ ಮೇಲೆ ಒಂದು ಗುರುತು ಹಾಕಿಸಿ. ಆರೇಳು ವಾರಕ್ಕೆ ಮರಿಗಳು ಬರುತ್ತವೆ.